ವಾಡಿ ಜಂಕ್ಷನ್, ವಿಚಾರಣೆ ಕಿಟಕಿ

ಬೋರ್ಡು ನನ್ನ ತಲಿ ಮ್ಯಾಲೇ ಅದ.
ಕೆಂಪು ಅಕ್ಷರ, ಮೂರು ಭಾಷಾ, ಪಾಳಿ ಪ್ರಕಾರ.
ಆದ್ರೂ ಕಿಟಕಿಗಿ ಮುಖ ಹಚ್ಚಿ ಕೇಳ್ತಾರ:
ಸೊಲ್ಲಾಪುರದ ಗಾಡಿ ಎಷ್ಟನೇದಕ್ಕ ಬರ್ತದ್ರಿ?

ನೌಕರಿಗಿ ಹತ್ತಿದ ಹೊಸದರಾಗ
ನಾನೂ ಬೆರಳು ಮ್ಯಾಲ ಮಾಡಿ ತೋರಿಸ್ತಿದ್ದೆ.
ಓದ್ರಿ, ಬರದದಲ್ಲ.
ಒಂದಿನ ಒಬ್ಬಾಕಿ ಮುದುಕಿ, ಬಗಲಾಗ ಗಂಟು,
ಖರೇನೇ ಓದ್ಲಿಕ್ಕ ನಿಂತಳು.
ಸೊ... ಲ್ಲಾ...
ಅಷ್ಟರಾಗ ಬೋರ್ಡು ಹಿಂದಿಗಿ ಹೊಳ್ಳಿತು,
ಆಮ್ಯಾಲ ಇಂಗ್ಲಿಷಿಗಿ.
ಆಕಿ ಕಾದಳು. ಕನ್ನಡ ಬಂತು. ಮತ್ತ ಸೊ ದಿಂದ ಸುರು.
ನಾಲ್ಕು ಸುತ್ತಿನಾಗ ‘ಸೊಲ್ಲಾಪು’ ತನಕ ಮುಟ್ಟಿದ್ಲು,
ಗಾಡಿ ಬಂದು ಹೋಯ್ತು.

ಅವತ್ತಿನಿಂದ ಬೆರಳು ಎತ್ತಿಲ್ಲ.

ರಾತ್ರಿ ಎರಡು ಗಾಡಿ ನಡುವ
ನಲವತ್ತು ನಿಮಿಷ ಸಿಗ್ತಾವ.
ಕನ್ನಡ ಹೊಡಿಯೋ ಪುಗಸಟ್ಟೆ ಕೀಲಿಮಣೆ ಒಂದದ,
ಯಾರ್ದೂ ಅಲ್ಲ, ಹಂಗಾಗಿ ನಮ್ದೂ ಹೌದು;
ಹತ್ತು ಮಂದಿ ಸೇರಿ ನೋಡ್ಕೋತೀವಿ,
ಪಗಾರಿಲ್ಲ, ಪಾಸೂ ಇಲ್ಲ.
ಹೊಸಬರ ಸವಾಲಿಗಿ ಜವಾಬು ಕೊಡೋದು ನನ್ನ ಪಾಲು.
ಪಗಾರ ಕೊಟ್ರೂ ಇದೇ ಕೆಲಸ, ಕೊಡದಿದ್ರೂ ಇದೇ ಏನೋ ಅಂತ
ಪಾಯಿಂಟ್ಸ್‌ಮನ್ ಧೂಳಪ್ಪ ನಗ್ತಾನ.

ಒಂದು ನಲವತ್ತಕ್ಕ ನಾಲವಾರದಿಂದ ಒಂದು ಸವಾಲು.
ಹಸೀನಾಬಾನು, ಝೆರಾಕ್ಸ್ ಅಂಗಡಿ.
‘ದಡ್ಡ ಸವಾಲದ, ಸಿಟ್ಟಾಗಬ್ಯಾಡ್ರಿ.
ಓಣಿ ಹುಡುಗಿದು ಬ್ಯಾನರ್. ಎಷ್ಟು ಹೊಡದ್ರೂ ರ್ಯಾಂಕ್ ಅಂತ ಬರ್ತದ.
ರ ಮುಂದ ನಿಂದ್ರಬೇಕು, ಓಡಿ ಹಿಂದ ಹೋಗಿ ಜೋತು ಬೀಳ್ತದ.
ಮುಂಜಾನೆ ಎಂಟಕ್ಕ ಕಟ್ಟಬೇಕು.’

ನನಕಿಂತ ಮೊದಲ ಒಬ್ಬ ಜಾಣ ಬರದಿದ್ದ:
ನೂರು ಸಲ ಹೇಳ್ಯಾಗದ. ಕೈಪಿಡಿ ಓದ್ರಿ.
ಸುಳ್ಳಲ್ಲ. ಹದಿನೇಳನೇ ಪುಟದಾಗ ಅದ.
ಆ ಪುಟ ಬರದಾಂವ ನಾನೇ.
ಇವತ್ತು ಓದಿದ್ರ ನನಗೇ ತಿಳಿವಲ್ದು.

ಹೆಂಗ ಹೇಳ್ಲಿ?
‘ಶೂನ್ಯ ಅಗಲದ ಜೋಡಕ’ ಅಂದ್ರ ಆಕಿ ಅಂಗಡಿ ಮುಚ್ಚಿ ಮಲ್ಕೋತಾಳ.
ಹೊರಗ ಸಿಮೆಂಟಿನ ಖಾಲಿ ರೇಕು
ಕಪ್ಲಿಂಗ್ ಬಡ್ಕೋತಿತ್ತು, ಧಡ್, ಧಡ್.
ಬರದೆ:
ಅಕ್ಕಾರ, ರ ಆದ ಮ್ಯಾಲ, ಒತ್ತು ಕೊಡೋಕಿಂತ ಮೊದಲ,
ಮ್ಯಾಲಿನ ಸಾಲಿನಾಗ ಎಡಗಡಿ ಕಡೀ ಕೀಲಿ ಒಮ್ಮೆ ಒತ್ರಿ.
ಏನೂ ಕಾಣಂಗಿಲ್ಲ. ಅಂಜಬ್ಯಾಡ್ರಿ.
ಅದು ಬೋಗಿ ನಡುವಿನ ಕಪ್ಲಿಂಗ್ ಇದ್ದಂಗ,
ಅದಿದ್ರ ರ ತನ್ನ ಜಾಗಾ ಬಿಡಂಗಿಲ್ಲ.
ಕಡೀಗಿ ಒಂದು ಸಾಲು, ನಂದಲ್ಲದ್ದು:
ತಿಳೀಲಿಲ್ಲಂದ್ರ ಮತ್ತ ಕೇಳ್ರಿ.

ಅದು ಹುಮನಾಬಾದಿನ ವೈಜನಾಥರದು.
ಹನ್ನೊಂದು ವರ್ಷದ ಹಿಂದ ಅನುಸ್ವಾರ ಎಲ್ಲದ ಅಂತ
ಒಂದೇ ದಿನ ನಾ ಆರು ಸಲ ಕೇಳಿದಾಗ
ಆರೂ ಸಲ ಅದನ್ನ ಬರದಿದ್ರು.
ಮುಖ ನೋಡಿಲ್ಲ.
ಎರಡು ವರ್ಷ ಆಯ್ತು, ಆ ಹೆಸರಿಲೆ ಏನೂ ಬಂದಿಲ್ಲ.
ಯಾಕಂತ ಯಾರಿಗೆರೆ ಕೇಳ್ಲಿಕ್ಕ
ನನಗ ಅಂಜಿಕಿ.

ಎರಡು ಹದಿನೈದಕ್ಕ ಫೋಟೋ ಬಂತು: ರ‍್ಯಾಂಕ್.
ರ ಮುಂದ, ಎದಿ ಉಬ್ಬಿಸಿ.
‘ಹಾರ‍್ದಿಕ’ದಾಗೂ ಆಕಿ ಕಪ್ಲಿಂಗ್ ಹಾಕಿದ್ಲು.
ತಪ್ಪಲ್ಲ, ಹಳೇ ಅಚ್ಚಿನಾಗ ಹಂಗೇ ಇರ್ತಿತ್ತು.
ಸುಮ್ನಿದ್ದೆ.

ಮೊನ್ನೆ ಚಿತ್ತಾಪುರದ ಹುಡುಗ ಒಬ್ಬ ಏನೋ ಕೇಳ್ದ.
ನನ್ನ ಚಾ ಆರೋದ್ರಾಗ ಹಸೀನಾಬಾನು ಜವಾಬು ಕೊಟ್ಟಿದ್ಲು.
ಅರ್ಧ ತಪ್ಪು.
‘ಹಂಗಲ್ಲ’ ಅಂತ ಹೊಡದೆ. ಅಳಿಸಿದೆ. ಚಾ ಕುಡದೆ.
ಅಷ್ಟರಾಗ ಯಾರೋ ಕಿಟಕಿ ಬಡದ್ರು.
ರಾಯಚೂರಿನ ಗಾಡಿ ಎಷ್ಟನೇದ್ರಿ?
ಮೂರು, ಅಂದೆ, ತಲಿ ಎತ್ತದೆ.

ಅವರು ಮೆಟ್ಟಲಾ ಏರಿದ ಮ್ಯಾಲ ನೆನಪಾಯ್ತು,
ಇವತ್ತು ಎರಡಕ್ಕ ಬದ್ಲಿ ಆಗ್ಯಾದ.
ಕಿಟಕಿ ಹಂಗೇ ಬಿಟ್ಟು,
ಚಪ್ಪಲ್ ಒಂದೇ ಕಾಲಾಗ,
ಕೂಗ್ಕೋತ ಓಡಿದೆ.