ತಳದಾಗಿನ ಕಾಳು

ಚಿಕಾಲಿಮ್ ದವಾಖಾನಿಯ ಡಾಕ್ಟರ್ ಹುಡುಗಿ
ಚೀಟಿ ನಡುವ ಒಂದ ಗೆರಿ ಎಳದ್ಲು:
ಈ ಕಡೆ ಗಿಡದ್ದು, ಆ ಕಡೆ ಪ್ರಾಣಿದು.
ಎಸ್ಪೆರಾನ್ಸ ಬಾಯಿದು ಆರು ಪಾಯಿಂಟ್ ಎರಡು,
ನಂದು ಆರು ಪಾಯಿಂಟ್ ಒಂದು.
ಸಕ್ಕರಿ ಜಡ್ಡು ಇನ್ನಾ ಒಳಗ ಬಂದಿಲ್ಲ, ಅಂದ್ಲು,
ಹೊಸ್ತಿಲದಾಗ ನಿಂತು ಚಪ್ಪಲಿ ಬಿಡಾಕತ್ತೈತಿ.

ರಕ್ತ ತಗಿಸೂ ರೊಕ್ಕ ಬಾಯೀನ ಕೊಟ್ಟಿದ್ಲು.
ಒಬ್ಬಾಕಿನ ಹೋಗಾಕ ಅಂಜಿಕಿ ಆಕಿಗೆ.
'ನೀನೂ ಚುಚ್ಚಿಸ್ಕೊ ನಿಂಬೆವ್ವಾ, ಜೋಡಿ ಆಕ್ಕೈತಿ.'

ಬಾಯಿಗೆ ಹೇಳಿದ್ದು: ಹಂದಿ ಚೊರಿಸ್ ಬಿಡ್ರಿ,
ಆ ಕಡೆಯಿಂದ ಈ ಕಡೆ ಬರ್ರಿ, ಕಾಳು ತಿನ್ರಿ.
ಬಾಯಿ ಚೀಟಿ ತಿರುವಿ ಮುರುವಿ ನೋಡಿ,
'ಬಾಂಗಡಾ ಯಾವ ಕಡೆ?
ಅದು ಪ್ರಾಣಿ ಹೆಂಗ ಆಕ್ಕೈತಿ, ಅದಕ್ಕ ಕಾಲ ಇಲ್ಲ.'
ಬಾಂಗಡಾ ಇರ್ಲಿ ಬಾಯಿ. ಕರೀಬ್ಯಾಡ್ರಿ.

ನನ್ನ ಕಡೆ ತಿರುಗಿ, ನೀವು?
ಕೊರಳಾಗಿನ ಲಿಂಗ ತೋರ್ಸಿದೆ.
ಹನ್ನೊಂದ ವರ್ಷ ಆತು, ಬಾಯಿ ಮನ್ಯಾಗ ಮೀನ ಹೆಚ್ಚತೀನಿ.
ಹೆಚ್ಚೂವಾಗ ಕರಡಗಿ ಬೆನ್ನಿನ ಕಡೆ ಸರಸ್ಕೊತೀನಿ,
ಅದರ ಕಣ್ಣಿಗೆ ಬೀಳಬಾರದಂತ.
ಒಂದ ಮುಳ್ಳೂ ನನ್ನ ನಾಲಿಗಿಗೆ ಮುಟ್ಟಿಲ್ಲ.
'ಹಂಗಾರ ನೀವು ಈ ಕಡೆಯವರ,' ಅಂತ
ಗಿಡದ ಸಾಲಿನ ಮ್ಯಾಲ ಬೆರಳಿಟ್ಟು ಕೇಳಿದ್ಲು:
ನಿನ್ನೆ ಏನ ತಿಂದ್ರಿ?

ನಿನ್ನೆ.
ಮುಂಜಾನೆ ಚಾ, ಎರಡ ಬಿಸ್ಕೀಟು.
ಮಧ್ಯಾಹ್ನ ರೇಶನ್ ಅಕ್ಕಿ ಅನ್ನ, ಉಪ್ಪಿನಕಾಯಿ.
ಮತ್ತ ಚಾ.
ರಾತ್ರಿ ಅನ್ನ, ಸಾರು.

ಸಾರಿನ್ಯಾಗ ಬ್ಯಾಳಿ?

ಇತ್ತವ್ವಾ. ತಳದಾಗ ಇತ್ತು.
ಸೌಟ ತಳಕ್ಕ ಮುಟ್ಟಿಸಿ ಮೊದಲ ಅಂವಗ ನೀಡ್ತೀನಿ,
ಬಾರ್ಜಿನ ಮ್ಯಾಲ ಹಗ್ಗ ಜಗ್ಗೂ ಮೈ.
ಆಮ್ಯಾಲ ಹುಡುಗರಿಬ್ಬರಿಗೆ, ಬೆಳಿಯೂ ಎಲುವು.
ನಾ ಕುಂದ್ರೂ ಹೊತ್ತಿಗೆ ತಿಳಿ ಉಳದಿರ್ತೈತಿ,
ಅದರಾಗ ನನ್ನ ಮಾರಿ ಕಾಣತೈತಿ.

ಹುಡುಗಿ ಪೆನ್ನಿಗೆ ಟೋಪಿ ಹಾಕಿದ್ಲು, ತಗದ್ಲು, ಮತ್ತ ಹಾಕಿದ್ಲು.
ಶಾಕಾಹಾರಿ ಅಂತ ನನಗ ಎಷ್ಟ ಸೊಕ್ಕ ಇತ್ತು!
ನಾ ತಿಂತಿದ್ದಿದ್ದು ಗಿಡಾನೂ ಅಲ್ಲ,
ಗಿಡಾ ಕುದಿಸಿದ ನೀರು.

ಹುನಗುಂದದಾಗ ನಮ್ಮವ್ವ ಮಡಕಿಕಾಳು
ಹಸಿ ಅರಬ್ಯಾಗ ಕಟ್ಟಿ ಜಂತಿಗೆ ತೂಗಹಾಕ್ತಿದ್ಲು.
ಎರಡ ದಿನಕ್ಕ ಮಳಕಿ, ಇಲಿಮರಿ ಬಾಲದಂಗ.
ರೊಟ್ಟಿ ಮ್ಯಾಲ ಹೇರಿ ಕೊಡ್ತಿದ್ಲು.
ಬಾಯ್ನಾದ ನಮ್ಮ ಖೋಲಿಗೆ ಪತ್ರಾಸ ಐತಿ, ಜಂತಿ ಇಲ್ಲ.

ಮರುದಿನ ಬಾಯಿ ಡಬ್ಬಿ ತಗದು ಮರದಾಗ ಕಾಳು ಸುರದ್ಲು.
'ಆಳ್ಸಾಂದೆ.'
ನಾ ಅಂದೆ, ಅಲಸಂದಿ.
ಇಬ್ಬರೂ ಸುಮ್ನಾದ್ವಿ.
ಹನ್ನೊಂದ ವರ್ಷ ಆಕಿ ಮಾತು ನನಗ ಅರ್ಧ,
ನನ್ನ ಮಾತು ಆಕಿಗೆ ಪಾವು;
ಡಬ್ಬಿಯೊಳಗಿಂದ ಒಂದ ಪೂರ್ತಿ ಶಬ್ದ ಉಳ್ಳಿಕೋಂತ ಬಂತು.

ರಾತ್ರಿ ನೆನಿಟ್ಟು, ಕೊಬ್ರಿ ಕೊತ್ತಂಬರಿ ಹುರದು ರುಬ್ಬಿ
ತೋಣಾಕ ಮಾಡಿದೆ. ನನ್ನ ಪಾಲು ಮೊದಲ ತಗದಿಟ್ಟೆ.
ಆಮ್ಯಾಲ ಬಾಯಿ ಬಾಗಲ ಕಡೆ ಹಣಿಕಿ ಹಾಕಿ,
ಡಾಕ್ಟರ್ ಅಲ್ಲೇ ನಿಂತಾಳೇನೋ ಅನ್ನೂಹಂಗ,
ಒಂದ ಹಿಡಿ ಒಣ ಸುಂಗಟಾ ಉದುರ್ಸಿದ್ಲು.
'ಇದಕ್ಕ ಕಾಲ ಅದಾವಲ್ಲ ಬಾಯಿ?'
'ಒಣಗ್ಯಾವ,' ಅಂದ್ಲು.

ಮೂರ ತಿಂಗಳಿಗೆ ಮತ್ತ ಸೂಜಿ.
ನಂದು ಐದು ಪಾಯಿಂಟ್ ಒಂಬತ್ತು,
ಬಾಯಿದು ಇದ್ದಲ್ಲೇ ಐತಿ.
ಮಡಗಾಂವದ ತಂಗಿ ಚೊರಿಸ್ ಕಳಿಸಿದ್ದು
ನಾ ಡಾಕ್ಟರಿಗೆ ಹೇಳಲಿಲ್ಲ.
'ಯಾವ ಕಡೆ ಗೆದ್ದಂಗಾತು?' ಬಸ್ಸಿನ್ಯಾಗ ಕೇಳಿದ್ಲು.
ಕಿಡಕಿಯಿಂದ ಹಡಗ ಕಾಣತಿದ್ವು.
ನನಗ ಗೊತ್ತಿಲ್ಲ ಬಾಯಿ. ಎರಡ ಮಂದಿದ ಲೆಕ್ಕದಾಗ ಏನ ಗೊತ್ತಾಕ್ಕೈತಿ.

ಈಗ ಹುಡುಗರಿಗೆ ನೀಡಿದ ಮ್ಯಾಲ
ಸೌಟ ತಳಕ್ಕ ಮುಟ್ಟಿಸಿ ನನ್ನ ತಾಟಿಗೆ ಹಾಕ್ಕೊತೀನಿ.
ನಿನ್ನೆ ರಾತ್ರಿ ಅಂವ ತಾಟ ಅಳ್ಳಾಡಿಸಿ ನೋಡಿದ.
'ಯಾಕ, ಇಷ್ಟ ತಿಳಿ ಆಗೈತಿ?'
ಡಾಕ್ಟರ್ ಹೇಳ್ಯಾರ, ಅಂದೆ.
ಯಾರಿಗೆ ಹೇಳ್ಯಾರಂತ ಅಂವ ಕೇಳಲಿಲ್ಲ.