ಮಾಜಿ ಎಂಬ ಎರಡಕ್ಷರ

ಪಾಂಡವಪುರದ ಹಿಂದಣ ಓಣಿಯಲ್ಲಿ
ನನ್ನ ಟ್ರೆಡಲ್ ಮಿಷನ್ನು ಇನ್ನೂ ಉಸಿರಾಡುತ್ತಿದ್ದ ಕಾಲ.
ಸೊಸೈಟಿಯಲ್ಲಿ ಗೊಬ್ಬರದ ಚೀಟಿ ಬರೆಯುವ ಪುಟ್ಟಂಕಯ್ಯ
ಒಂದು ಮಧ್ಯಾಹ್ನ ಚಪ್ಪಲಿ ಹೊರಗೆ ಬಿಟ್ಟು ಬಂದು
‘ನಿಂತಿವ್ನಿ ಕಣಣ್ಣ, ಎರಡು ಸಾವ್ರ ಕರಪತ್ರ ಹೊಡ್ಕೊಡು’ ಅಂದ.
ನಿಂತೇ ಇದ್ದೀಯಲ್ಲ, ಕೂತ್ಕೊ ಅಂದೆ.
ನಗಲಿಲ್ಲ.

ಗುರುತು ತಕ್ಕಡಿ.
ಮೈಸೂರಿನಿಂದ ಬ್ಲಾಕು ತರಿಸಿದೆ,
ಜೊತೆಗೆ ಅವನ ಮುಖದ್ದೂ ಒಂದು, ಸತುವಿನ ಮೇಲೆ ಚುಕ್ಕಿ ಚುಕ್ಕಿ:
ಎಡಕ್ಕೆ ಬೈತಲೆ, ಮೊದಲ ಸಲ ಇಸ್ತ್ರಿ ಕಂಡ ಕಾಲರು.
ಟ ಒತ್ತಿನ ಮೊಳೆ ಸವೆದಿತ್ತು;
ಅರ್ಧ ತಾಲ್ಲೂಕು ಅವನನ್ನು ಪುಟಂಕಯ್ಯ ಎಂದೇ ಓದಿಕೊಂಡಿತು,
ಮುನ್ನೂರ ಹನ್ನೆರಡು ಓಟಿನಲ್ಲಿ ಗೆಲ್ಲಿಸಿತು.
ಅಚ್ಚಿನ ದುಡ್ಡು ಅವನು ಎಣಿಸಿಕೊಟ್ಟದ್ದು ಅದೊಂದೇ ಸಲ.

ಆಮೇಲೆ ಲೆಟರ್‌ಹೆಡ್ಡು. ಗಂಡಭೇರುಂಡದ ಕೆಳಗೆ ದಪ್ಪಗೆ: ಶಾಸಕರು.
ವರ್ಗ ಬೇಡುವ ಮೇಷ್ಟರಿಗೊಂದು ಪತ್ರ,
ಅದೇ ಮೇಷ್ಟರ ವರ್ಗ ನಿಲ್ಲಿಸಿ ಎಂದು ಬಂದ ಊರಿಗೊಂದು,
ಎರಡಕ್ಕೂ ಒಂದೇ ಬೆಳಗ್ಗೆ ರುಜು.
‘ಯಾರ್ಗೂ ಇಲ್ಲ ಅನ್ನಕಾಗಲ್ಲ ಕಣಣ್ಣ.
ಆಫೀಸಲ್ಲಿ ಕೂತೋನಿಗೆ ಗೊತ್ತು:
ಹಸುರು ಶಾಯಿ ಅಂದ್ರೆ ಮಾಡು,
ನೀಲಿ ಅಂದ್ರೆ ಬುಟ್ಟಿಗಾಕು.’
ಹೇಳಿ ಬಾಯಿ ಕಚ್ಚಿಕೊಂಡ.
ಹಿಂದಿನ ವಾರವಷ್ಟೇ ನನ್ನ ಅಕ್ಕನ ಮಗ
ಹಾಸ್ಟೆಲ್ ಸೀಟಿನ ಪತ್ರ ಜೇಬಿನಲ್ಲಿ ಮಡಚಿ
ಮಂಡ್ಯದ ಬಸ್ಸು ಹತ್ತಿದ್ದ.
ನೀಲಿ.
ನಾನೂ ಏನೂ ಕೇಳಲಿಲ್ಲ. ಅವನ ಮುಂದಿನ ಆರ್ಡರು ದೊಡ್ಡದಿತ್ತು.

ಐದು ವರ್ಷದಲ್ಲಿ ಅವನು ಕೇಳಿದ್ದು ಒಂದೇ ಪ್ರಶ್ನೆ,
ಅದೂ ಚುಕ್ಕೆ ಗುರುತಿಲ್ಲದ್ದು:
ನಾಲೆಯ ಹನ್ನೊಂದನೇ ಮೈಲಿ ತೂಬಿಗೆ ಬಾಗಿಲು ಯಾವಾಗ?
ಉತ್ತರ: ಪರಿಶೀಲನೆಯಲ್ಲಿದೆ.
ಪ್ರಶ್ನೆ ಉತ್ತರ ಎರಡನ್ನೂ ಐನೂರು ಪ್ರತಿ ಹೊಡೆಸಿದ.
ಕಡೇಭಾಗದ ಹಳ್ಳಿಯವರು ಟೀ ಅಂಗಡಿ ಗೋಡೆಗೆ ಅಂಟಿಸಿ
‘ನಮ್ ತೂಬಿನ ಹೆಸ್ರು ವಿಧಾನಸೌಧದಲ್ಲಿ ಕೂಗವ್ರೆ’ ಅಂದರು.
ಬಾಗಿಲೇನೋ ಬಂತು, ಅವನು ಸೋತ ಮೇಲೆ,
ಬೇರೆಯವರ ಹೆಸರಿನ ಕಲ್ಲಿನ ಜೊತೆ.

ನಡುವೆ ಒಮ್ಮೆ ದೊಡ್ಡ ಪಕ್ಷ ಕರೆದಿತ್ತು, ಹೋದ, ಗೆದ್ದ.
ತಕ್ಕಡಿಯ ಬ್ಲಾಕು ಬಿಲ್ಲುಗಳು ಹಾರದಂತೆ ಮೇಲಿಡಲು ಒದಗಿತು.

ಸೋತ ವಾರ ಮೂರು ಕಟ್ಟು ಲೆಟರ್‌ಹೆಡ್ಡು ಹೊತ್ತು ತಂದ.
‘ಹಾಳ್ ಮಾಡದ್ಯಾಕೆ? ಹಿಂದುಗಡೆ ಮಾಜಿ ಅಂತ ಒಂದು ಸೇರಿಸ್ಬುಡು.’
ಜಾಗವಿರಲಿಲ್ಲ. ಮಾ ಹಕ್ಕಿಯ ರೆಕ್ಕೆಗೆ ತಾಗಿತು,
ಜಿ ಶಾಸಕರ ತಲೆಗೆ.
ಸರಿಯಾಗೇ ಕುಂತದೆ ಅಂದ.

ಮುಂದೆ ಸಂಜೆಗಳಲ್ಲಿ ಕಾಗದದ ರೀಮಿನ ಮೇಲೆ ಕೂತು
ನನ್ನ ಪ್ರೂಫು ತಿದ್ದತೊಡಗಿದ.
ಅವನದೇ ಹೆಸರು ಆಮಂತ್ರಣಗಳಲ್ಲಿ ಇಳಿಯುತ್ತ ಹೋದದ್ದನ್ನೂ ತಿದ್ದಿದ:
ಉದ್ಘಾಟನೆಯಿಂದ ಮುಖ್ಯ ಅತಿಥಿಗೆ,
ಅಲ್ಲಿಂದ ಉಪಸ್ಥಿತಿಗೆ,
ಕೊನೆಗೆ ‘ಹಾಗೂ ಊರಿನ ಹಿರಿಯರು’.
‘ಹಿರಿಯರು ಅನ್ನೋದ್ರಲ್ಲಿ ರಿ ಮುರಿದದೆ, ನೋಡು’ ಅಂದ.
ಹೌದು, ಮುರಿದಿತ್ತು.
ಒಂದು ದಿನ, ಕನ್ನಡಕ ಒರೆಸುತ್ತ, ತಲೆ ಎತ್ತದೆ:
‘ನಿನ್ ಅಕ್ಕನ ಮಗ ಈಗೆಲ್ಲವ್ನೆ?’
ಕಬ್ಬಿನ ಲಾರಿ ಓಡಿಸ್ತಾನೆ ಅಂದೆ.
ಆ ಗ್ಯಾಲಿಯನ್ನು ಎರಡೆರಡು ಸಲ ಓದಿದ, ಒಂದೂ ತಪ್ಪು ಹಿಡಿಯಲಿಲ್ಲ.

ಪುಷ್ಯಮಾಸದಲ್ಲಿ ತೀರಿಕೊಂಡ.
ಸರ್ಕಲ್ಲಿನಲ್ಲಿ ಬಣ್ಣಬಣ್ಣದ ಫ್ಲೆಕ್ಸು, ಆಳೆತ್ತರ, ಮಂಡ್ಯದಲ್ಲಿ ಮಾಡಿಸಿದ್ದು.
ನನ್ನ ಹತ್ತಿರ ಯಾರೂ ಬರಲಿಲ್ಲ;
ಖಾತೆಯಲ್ಲಿ ಸಾವಿರದ ಎಂಟುನೂರ ನಲವತ್ತು ಬಾಕಿ.

ರಾತ್ರಿ ಸತುವಿನ ಮುಖವನ್ನು ಸೀಮೆಎಣ್ಣೆಯಲ್ಲಿ ತೊಳೆದೆ.
ಉಳಿದಿದ್ದ ಹಾಳೆಯೊಂದನ್ನು ಮಿಷನ್ನಿಗೆ ಕೊಟ್ಟೆ.
ಮೊದಲನೇ ಒತ್ತಿಗೆ ಬರೀ ಬೈತಲೆ,
ಮೂರನೆಯದಕ್ಕೆ ಪೂರ್ತಿ ಬಂದ,
ಸೊಸೈಟಿಯ ಗುಮಾಸ್ತ, ಇಸ್ತ್ರಿಯ ಕಾಲರು.
ಕೆಳಗೆ ರುಜುವಿನ ಜಾಗ ಖಾಲಿ.
ನನ್ನ ಡಬ್ಬಿಗಳಲ್ಲಿ ಹುಡುಕಿದೆ:
ಕಪ್ಪು ಬಿಟ್ಟರೆ ಬೇರೆ ಶಾಯಿ ಇರಲಿಲ್ಲ.