ಪಕ್ಕದ ಮೆಟ್ಟಿಲು

ಮೇಕನ್ ಊರಿನ ಹಳೇ ಥಿಯೇಟರಿನಲ್ಲಿ
ಟಾರ್ಚು ಹಿಡಿದು ಸೀಟು ತೋರಿಸುವುದು ನನ್ನ ಕೆಲಸ.
ಇವತ್ತು ಮೊದಲ ಆಟ. ಮೇಯರ್ ಬಂದಿದ್ದಾರೆ.
ಮುಂದಿನ ಸಾಲಿನ ಕುರ್ಚಿಗಳಿಗೆಲ್ಲ ಹೆಸರಿನ ಚೀಟಿ.
ಒಂದರ ಮೇಲೆ: ಮಿಸ್ ವರ್ಬೀನಾ ಟಾರ್ಪ್ಲಿ, ತಂಗಿ.

ತಂಗಿಗೆ ಎಂಬತ್ತಾರು. ಊರುಗೋಲು, ನೇರಳೆ ಟೋಪಿ.
"ಬಾಲ್ಕನಿಗೆ ನಡಿ" ಅಂದಳು.
ಲಿಫ್ಟ್ ಇದೆ ಅಜ್ಜಿ, ಈ ಕಡೆ.
"ಲಿಫ್ಟ್ ಬೇಡ. ಪಕ್ಕದ ಮೆಟ್ಟಿಲು."

ಪಕ್ಕದ ಮೆಟ್ಟಿಲಿಗೆ ಈಗ ಬೀಗ.
ಪಾಪ್‌ಕಾರ್ನ್ ಡಬ್ಬ, ಸುರುಳಿ ಪೋಸ್ಟರು, ಪೊರಕೆ ಸರಿಸಿ ತೆಗೆದೆ.
ಬೀದಿಯಿಂದ ನೇರ ಮೇಲಕ್ಕೆ, ಒಳಗಿನವರ ಕಣ್ಣಿಗೆ ಬೀಳದ ಹಾಗೆ
ಇಪ್ಪತ್ತಮೂರು ಮೆಟ್ಟಿಲು. ಎಣಿಸುತ್ತಲೇ ಹತ್ತಿದಳು.
ಹನ್ನೊಂದರಲ್ಲಿ ನಿಂತು ಏದುಸಿರು:
"ಇಲ್ಲೇ ಒಂದ್ಸಲ ನನ್ನ ಐಸ್ ಕ್ಯಾಂಡಿ ಬಿದ್ದುಹೋಯ್ತು."

ಪರದೆ ಬೆಳಗಿತು.
ಅಕ್ಕ ಜಿನೀವಾ, ಇಪ್ಪತ್ತೆಂಟು ಅಡಿ ಎತ್ತರ,
ಲಾಂಡ್ರಿಯ ಹಬೆಯೊಳಗಿಂದ ದೇವತೆಯ ಹಾಗೆ ಎದ್ದು ಬಂದಳು.
"ಇಷ್ಟು ಚೆಂದ ಇರಲಿಲ್ಲ. ಮೂಗು ನಮ್ಮಪ್ಪನದು."

ಕೋರ್ಟಿನ ಕಂಬಗಳ ನಡುವೆ ನಾಲ್ಕು ನಿಮಿಷದ ಭಾಷಣ.
ಪಿಟೀಲುಗಳು ಏರಿದವು.
ಕೆಳಗೆ ಕತ್ತಲಲ್ಲಿ ಮೂಗೊರೆಸುವ ಸದ್ದು.
ಅಜ್ಜಿ ನಕ್ಕಳು, ನನಗಷ್ಟೇ ಕೇಳುವಂತೆ:
"ಉಗ್ಗುತ್ತಿದ್ದಳು ಮಗಾ. ತನ್ನ ಹೆಸರು ಹೇಳಿ ಮುಗಿಸೋದರೊಳಗೆ
ಬಸ್ಸು ಹೊರಟುಹೋಗೋದು."

ಮತ್ತೆ ಏನು ಮಾಡುತ್ತಿದ್ದಳು?

"ಬರೀತಿದ್ದಳು. ಲಾಂಡ್ರಿ ಚೀಟಿಯ ಬೆನ್ನಿಗೆ.
ಯಾರು ಒಳಗೆ, ಯಾರು ಹೊರಗೆ,
ಯಾರ ಜಾಮೀನಿಗೆ ಎಷ್ಟು ಡಾಲರು ಕಮ್ಮಿ,
ಯಾವ ಹುಡುಗನ ಹಲ್ಲು ಯಾವ ಠಾಣೆಯಲ್ಲಿ ಉದುರಿತು.
ಭಾಷಣ ಮಾಡಿದವರ ಅಂಗಿಗೆ ಗಂಜಿ ಹಾಕಿದವಳೂ ಅವಳೇ."

ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಸಿನಿಮಾದವರು ಅವಳ ಟೋಪಿ ಕೇಳಿದರು, ಕೊಟ್ಟೆ.
ಮಂಚದಡಿಯ ಷೂ ಡಬ್ಬ
ಯಾರೂ ಕೇಳಲಿಲ್ಲ."

ಹೆಸರುಗಳು ಪರದೆಯ ಮೇಲೆ ಹರಿಯತೊಡಗಿದವು:
ಕೇಶವಿನ್ಯಾಸ, ಸಾರಿಗೆ, ಊಟದ ವ್ಯವಸ್ಥೆ.
"ಟಾರ್ಚು ಕೊಡು" ಅಂದಳು.
ಪರ್ಸಿನಿಂದ ಒಂದು ಚೀಟಿ, ಮಡಿಕೆಯಲ್ಲಿ ಹರಿದದ್ದು.
ಮುಂದುಗಡೆ: ಅಂಗಿ ಮೂರು, ಮೇಜುಹಾಸು ಒಂದು.
ಹಿಂದುಗಡೆ, ಪೆನ್ಸಿಲಿನಲ್ಲಿ:
ಏಪ್ರಿಲ್ ಹದಿನಾಲ್ಕು. ಥಿಯೇಟರು, ಮುಂಬಾಗಿಲು.
ಹೋದವರು ಆರು. ಬಿಡಿಸಿದ್ದು ಐದು.

ಕೆಳಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ.
ಮೇಯರ್ ಕೈ ಚಾಚಿದ್ದಾರೆ
ಚೀಟಿ ಅಂಟಿಸಿದ ಖಾಲಿ ಕುರ್ಚಿಯ ಕಡೆಗೆ.

ಆರನೆಯವರು ಯಾರು, ಅಂತ ಕೇಳಿದೆ.
ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ,
ಅವಳು ಆಗಲೇ ಇಳಿಯುತ್ತಿದ್ದಳು, ನನ್ನ ಟಾರ್ಚು ಹಿಡಿದು,
ಇಪ್ಪತ್ತಮೂರು, ಇಪ್ಪತ್ತೆರಡು, ಇಪ್ಪತ್ತೊಂದು.